ಅರ್ಧ ಚಿಕಿತ್ಸೆ

“ಪ್ರಾಣವೊಂದು ಉಳಿಯಿತಲ್ಲ, ಇನ್ನೇನು ಬೇಕು?” ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದ ರೋಗಿಗೆ ಬಂಧುಗಳು ಹೇಳುವ ಮಾತಿದು. ಕೇಳುವುದಕ್ಕೆ ಸಾಂತ್ವನದಂತಿದ್ದರೂ ಇದು ವಾಸ್ತವವಾಗಿ ರೋಗಿಯ ಬಾಯಿ ಮುಚ್ಚಿಸುವ ಉಪಾಯ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು, ಮಲವು ಅಲ್ಲಿಂದಲೇ ಚೀಲಕ್ಕೆ ಬೀಳುವಂತೆ ಮಾಡಿಯಾಯಿತು. ಆದರೆ ಆ ಮನುಷ್ಯನು ನಾಳೆ ಸ್ನಾನ ಮಾಡುವುದು ಹೇಗೆ, ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಹೇಗೆ, ಬಸ್ಸಿನಲ್ಲಿ ಪರವೂರಿಗೆ ಹೋಗುವುದು ಹೇಗೆ? ಇದನ್ನು ಕಲಿಸದೆ ಕಳುಹಿಸಿದ ಆಸ್ಪತ್ರೆಯು ಅರ್ಧ ಚಿಕಿತ್ಸೆಯನ್ನು ಮಾತ್ರವೇ ಮಾಡಿದೆ.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನ ಗುಣಗಳನ್ನು ಎಣಿಸುವಾಗ ಅನುರಾಗಕ್ಕಿಂತ ಮೊದಲು ಉಪಚಾರಜ್ಞಾನವನ್ನು ಇಟ್ಟಿದೆ. “ಮನೆಯವರು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ದಾದಿಯೇಕೆ?” ಎನ್ನುವವರಿಗೆ ಇದೇ ಉತ್ತರ. ಪ್ರೀತಿ ಎಷ್ಟಿದ್ದರೂ ಸೋರುವ ಚೀಲವನ್ನು ಅದು ನಿಲ್ಲಿಸಲಾರದು.

ಬಲ್ಲ ದಾದಿಯ ಕೆಲಸವು ಶಸ್ತ್ರಕ್ರಿಯೆಗೆ ಮುಂಚೆಯೇ ಮೊದಲಾಗುತ್ತದೆ. ರೋಗಿಯನ್ನು ಕುಳ್ಳಿರಿಸಿ, ನಿಲ್ಲಿಸಿ, ಬಾಗಿಸಿ, ಹೊಟ್ಟೆಯ ಮಡಿಕೆ ಎಲ್ಲಿ, ಪಂಚೆಯ ಅಥವಾ ಸೀರೆಯ ಕಟ್ಟು ಎಲ್ಲಿ ಎಂಬುದನ್ನು ನೋಡಿ ಆಕೆ ಸ್ಟೋಮಾ ಬರತಕ್ಕ ಸ್ಥಳವನ್ನು ಗುರುತಿಸುತ್ತಾಳೆ. ಈ ಒಂದು ಗುರುತು ತಪ್ಪಿದರೆ ಚೀಲ ಅಂಟದೆ, ರೋಗಿಯು ವರ್ಷಗಟ್ಟಲೆ ನರಳಬೇಕು. ಅನಂತರ ಹೇಳಬೇಕಾದವು ಸಣ್ಣ ಸಂಗತಿಗಳೇ. ಸ್ಟೋಮಾ ಬಾಯಿಯ ಒಳಭಾಗದಂತೆ ಕೆಂಪಾಗಿ ತೇವವಾಗಿರುವುದು ಸಹಜ. ಕಪ್ಪಾದರೆ ಒಡನೆ ವೈದ್ಯನನ್ನು ಕಾಣಬೇಕು. ಅದು ಮೊದಲ 6-8 ವಾರಗಳಲ್ಲಿ ಕುಗ್ಗುವುದರಿಂದ ಮತ್ತೆ ಮತ್ತೆ ಅಳೆದು ಚೀಲದ ರಂಧ್ರವನ್ನು ಕತ್ತರಿಸಬೇಕು. ಮೂರರಲ್ಲೊಂದು ಪಾಲು ತುಂಬಿದೊಡನೆ ಚೀಲವನ್ನು ಬರಿದುಮಾಡಬೇಕು. ಸಣ್ಣ ಕರುಳಿನ ಸ್ಟೋಮಾ ಆದರೆ ಜೀರ್ಣರಸವು ತಗುಲಿ ಚರ್ಮ ಬೇಗ ಹುಣ್ಣಾಗುತ್ತದೆ. ನೀರೂ ಉಪ್ಪೂ ದೇಹದಿಂದ ಹೆಚ್ಚಾಗಿ ಹೋಗುತ್ತವೆ. ಇಷ್ಟನ್ನು ತಿಳಿಯದವನು ಊಟವನ್ನೇ ಕಡಿಮೆಮಾಡಿ, ಮನೆಯ ಮೂಲೆ ಸೇರಿ, ಬದುಕಿದ್ದೂ ಸತ್ತವನಂತಾಗುತ್ತಾನೆ.

ಈ ವಿದ್ಯೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸೆ ಸೋರೆನ್ಸೆನ್, ಸ್ಟೋಮಾ ಆದ ತನ್ನ ಸೋದರಿಯು ಸೋರಿಕೆಯ ಭಯದಿಂದ ಹೊರಗೆ ಹೋಗದಿದ್ದುದನ್ನು ಕಂಡು, ಚರ್ಮಕ್ಕೆ ಅಂಟುವ ಚೀಲವನ್ನು ಕಲ್ಪಿಸಿದಳು. 1958ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಅವರು ಇತರ ರೋಗಿಗಳಿಗೆ ಕಲಿಸಲು ನೇಮಿಸಿದ ನಾರ್ಮಾ ಗಿಲ್, ತಾನೇ ಸ್ಟೋಮಾ ಉಳ್ಳವಳು. ಶಸ್ತ್ರವೈದ್ಯನ ಕೌಶಲವು ಮುಗಿದ ಕಡೆಯಲ್ಲಿ ರೋಗಿಯ ಬಾಳು ಮೊದಲಾಗುವುದೆಂಬುದನ್ನು ಇವರು ಕಂಡುಕೊಂಡಿದ್ದರು.

ಇನ್ನು ಮನೆಯೊಳಗಿನ ಅಪರಾಧ. ತಟ್ಟೆ ಬೇರೆ, ಹಾಸಿಗೆ ಬೇರೆ, ದೇವರ ಕೋಣೆಗೆ ಪ್ರವೇಶವಿಲ್ಲ: ಇದಕ್ಕೆ ಮಡಿಯೆಂಬ ಹೆಸರು! ಪ್ರತಿಯೊಬ್ಬನೂ ಹೊಟ್ಟೆಯೊಳಗೆ ಹೊತ್ತಿರುವುದನ್ನೇ ಈತನು ಚರ್ಮದ ಹೊರಗೆ ಒಂದು ಚೀಲದಲ್ಲಿ ಹೊತ್ತಿದ್ದಾನೆ. ಆ ವಸ್ತುವನ್ನು ಒಳಗಿಟ್ಟುಕೊಂಡೇ ಪೂಜೆಗೆ ಕುಳಿತವನು ಶುದ್ಧ, ಹೊರಗಿಟ್ಟುಕೊಂಡವನು ಅಶುದ್ಧ ಎಂಬುದು ಯಾವ ಶಾಸ್ತ್ರದ ತರ್ಕ? ಸರಿಯಾಗಿ ಅಂಟಿದ ಚೀಲದಿಂದ ವಾಸನೆ ಬಾರದು. ಕ್ಯಾನ್ಸರ್ ಜತೆಯಲ್ಲಿ ಉಂಡವನಿಗೆ ಹತ್ತುವ ರೋಗವೂ ಅಲ್ಲ. ಶೌಚವೆಂದರೆ ಕೈತೊಳೆದು ಚೀಲ ಬದಲಿಸುವುದೇ ಹೊರತು ಮನುಷ್ಯನನ್ನು ದೂರವಿಡುವುದಲ್ಲ.

“ದಾದಿಯರು ಸಾಲರು, ಚೀಲಕ್ಕೆ ಹಣ ಸಾಲದು” ಎಂಬ ಆಕ್ಷೇಪವಿದೆ. ನಿಜವೇ. ಆದರೆ ಕಲಿಸದೆ ಕಳುಹಿಸಿದ ರೋಗಿಯು ಹುಣ್ಣಾದ ಚರ್ಮದೊಡನೆ, ನೀರಿಲ್ಲದೆ ಸೊರಗಿದ ದೇಹದೊಡನೆ ಅದೇ ಆಸ್ಪತ್ರೆಗೆ ಮರಳುತ್ತಾನೆ. ಆ ವೆಚ್ಚವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಜಿಲ್ಲೆಯ ಆಸ್ಪತ್ರೆಯಲ್ಲಿ ಈ ವಿದ್ಯೆ ಬಲ್ಲ ದಾದಿ ಒಬ್ಬಳಾದರೂ ಇರಲಿ. ರೋಗಿಯು ಆಕೆಯ ಎದುರಿನಲ್ಲಿ ತನ್ನ ಕೈಯಿಂದಲೇ ಚೀಲ ಬದಲಿಸಿ ತೋರಿಸುವ ತನಕ ಅವನನ್ನು ಮನೆಗೆ ಕಳುಹಿಸಬಾರದು. ಉಳಿಸಿದ ಪ್ರಾಣವು ಬಾಳಬೇಕಾದರೆ ಇಷ್ಟಾದರೂ ಆಗಲೇಬೇಕು.