ಎತ್ತರಿಸಿದ ಜೀಪು ನಡುಗುವುದೇಕೆ?

ಮಲೆನಾಡು, ಕೊಡಗಿನ ಕಾಫಿ ತೋಟಗಳ ಕೊರಕಲು ದಾರಿಗೆ ಜೀಪೇ ಸರಿ. ಕಲ್ಲು ದಿಬ್ಬಗಳು ತಳಕ್ಕೆ ತಾಗಬಾರದೆಂದು ಕೆಲವರು ಸ್ಪ್ರಿಂಗ್ ಬದಲಿಸಿ ಅದನ್ನು ಮೂರು ನಾಲ್ಕು ಅಂಗುಲ ಎತ್ತರಿಸುತ್ತಾರೆ. ತೋಟದೊಳಗೆ ಎಲ್ಲವೂ ಚೆನ್ನ. ಡಾಂಬರು ರಸ್ತೆಗೆ ಬಂದು ವೇಗ ಹೆಚ್ಚಿಸಿದೊಡನೆ ಸೀಟಿನಡಿಯಿಂದ ‘ಗುಂಯ್’ ಎಂದು ನಡುಕ ಏಳುತ್ತದೆ. ಟೈರು ಬ್ಯಾಲೆನ್ಸ್ ಮಾಡಿಸಿದ್ದಾಯಿತು, ಹೊಸ ಕ್ರಾಸ್ ಹಾಕಿಸಿದ್ದಾಯಿತು, ನಡುಕ ನಿಲ್ಲಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಏಕೆಂದರೆ ಇಂಥ ಜೀಪಿನಲ್ಲಿ ರೋಗ ಇರುವುದು ಬಹುಮಟ್ಟಿಗೆ ಕೋನದಲ್ಲಿ.

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ದಾಟಿ ಹಿಂದಿನ ಆಕ್ಸಲಿಗೆ ಹೋಗುವುದು ಪ್ರೊಪೆಲ್ಲರ್ ಶಾಫ್ಟ್ ಎಂಬ ಉಕ್ಕಿನ ಕೊಳವೆಯ ಮೂಲಕ. ಟ್ರಾನ್ಸ್‌ಫರ್ ಕೇಸ್ ಚಾಸಿಗೆ ಬಿಗಿದಿರುತ್ತದೆ. ಆಕ್ಸಲ್ ಚಕ್ರದ ಜೊತೆ ಏರಿಳಿಯುತ್ತದೆ. ಹಾಗಾಗಿ ಶಾಫ್ಟಿನ ಎರಡೂ ತುದಿಗೆ ಬಾಗಬಲ್ಲ ಕೀಲು ಬೇಕು. ಅದೇ ಯೂನಿವರ್ಸಲ್ ಜಾಯಿಂಟ್. 17ನೇ ಶತಮಾನದಲ್ಲಿ ಇದನ್ನು ವಿವರಿಸಿದವನು ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮದಿಂದ ಶಾಲಾ ಮಕ್ಕಳಿಗೆಲ್ಲ ಪರಿಚಿತನಾದ ಹುಕ್ ಇವನೇ.

ಈ ಕೀಲಿಗೆ ಒಂದು ಹುಟ್ಟುಗುಣವಿದೆ. ಬಾಗಿಕೊಂಡು ತಿರುಗುವಾಗ ಒಂದು ಬದಿ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಕೋನ 8 ಡಿಗ್ರಿ ಇದ್ದು, ಮೇಲಿನ ತುದಿ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನೋಣ. ಆಗ ಶಾಫ್ಟಿನ ವೇಗ 1980 ಮತ್ತು 2020ರ ನಡುವೆ ತೂಗಾಡುತ್ತದೆ. ಕೋನ 18 ಡಿಗ್ರಿಯಾದರೆ ಅದು ಸುಮಾರು 1900 ಮತ್ತು 2100ರ ನಡುವಿನ ಉಯ್ಯಾಲೆ. ಕೋನ ಎರಡು ಪಟ್ಟು ಚಿಲ್ಲರೆ ಹೆಚ್ಚಾದರೆ ತೊಂದರೆ ಐದು ಪಟ್ಟು!

ಜೀಪು ಎತ್ತರಿಸಿದಾಗ ಆಗುವುದೂ ಇದೇ. 60 ಸೆಂ.ಮೀ. ಉದ್ದದ ಶಾಫ್ಟ್ 8 ಡಿಗ್ರಿ ಇಳಿಜಾರಿನಲ್ಲಿದ್ದರೆ, ನಾಲ್ಕು ಅಂಗುಲ, ಅಂದರೆ 10 ಸೆಂ.ಮೀ. ಎತ್ತರಿಸಿದ ಮೇಲೆ ಅದು 18 ಡಿಗ್ರಿಯ ಹತ್ತಿರ ಹೋಗುತ್ತದೆ. ಶಾಫ್ಟ್ ಗಿಡ್ಡವಾದಷ್ಟೂ ತೊಂದರೆ ಹೆಚ್ಚು.

ಕೆಳಗಿನ ಕೀಲು ಮೇಲಿನ ಕೀಲಿನ ತಪ್ಪನ್ನು ತಿದ್ದಬಲ್ಲದು. ಅದಕ್ಕೆ ಎರಡು ಷರತ್ತು: ಎರಡೂ ಕೋನ ಸಮನಾಗಿರಬೇಕು, ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿರಬೇಕು. ಗ್ರೀಸ್ ಹಾಕಲು ಶಾಫ್ಟ್ ಬಿಚ್ಚಿದವರು ಬಾಣದ ಗುರುತು ನೋಡದೆ ಜೋಡಿಸಿದರೆ ಎರಡನೆಯ ಷರತ್ತು ಕೆಡುತ್ತದೆ. ಎತ್ತರಿಸುವಾಗ ಆಕ್ಸಲ್ ಸ್ವಲ್ಪ ತಿರುಚಿಕೊಂಡರೆ ಮೊದಲನೆಯದು ಕೆಡುತ್ತದೆ.

ಆದ್ದರಿಂದ ಮೊದಲು ಅಳೆಯಬೇಕು. ಜೀಪು ಸಮತಟ್ಟು ನೆಲದಲ್ಲಿ ತನ್ನ ಚಕ್ರಗಳ ಮೇಲೇ ನಿಂತಿರಲಿ. ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ದೊಡ್ಡ ಕೋನಮಾಪಕಕ್ಕೆ ದಾರದಲ್ಲಿ ಕಲ್ಲು ಕಟ್ಟಿ ಇಳಿಬಿಟ್ಟರೂ ಅಂದಾಜು ಸಿಗುತ್ತದೆ. ಟ್ರಾನ್ಸ್‌ಫರ್ ಕೇಸಿನ ತುದಿ, ಶಾಫ್ಟ್, ಆಕ್ಸಲಿನ ಪಿನಿಯನ್ ಈ ಮೂರರ ಇಳಿಜಾರನ್ನು ಬರೆದುಕೊಳ್ಳಬೇಕು. ಮೊದಲೆರಡರ ವ್ಯತ್ಯಾಸ ಮೇಲಿನ ಕೋನ, ಕೊನೆಯೆರಡರ ವ್ಯತ್ಯಾಸ ಕೆಳಗಿನ ಕೋನ. ಇವೆರಡರ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು.

ಅಂತರವಿದ್ದರೆ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗಿನ ನಡುವೆ ಉಕ್ಕಿನ ಓರೆ ಬೆಣೆ ಕೊಟ್ಟು ಪಿನಿಯನ್ನಿನ ಮುಖ ತಿರುಗಿಸಿ ಸರಿಮಾಡಬಹುದು. ಆದರೆ ಕೋನಗಳು ಸಮನಾದರೂ ತೀರ ಹೆಚ್ಚಿದ್ದರೆ ನಡುವಿನ ಶಾಫ್ಟಿನ ಉಯ್ಯಾಲೆ ತಪ್ಪದು. ಆಗ ಟ್ರಾನ್ಸ್‌ಫರ್ ಕೇಸನ್ನು ತುಸು ಇಳಿಸಬೇಕು, ಇಲ್ಲವೆ ಮೇಲಿನ ತುದಿಗೆ ಜೋಡಿ ಕೀಲು ಹಾಕಿಸಬೇಕು. ಜೋಡಿ ಕೀಲು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದರಿಂದ ಪಿನಿಯನ್ನನ್ನು ಶಾಫ್ಟಿನ ನೇರಕ್ಕೇ ತಿರುಗಿಸಬೇಕು. ಎಲ್ಲಕ್ಕಿಂತ ಸುಲಭದ ಉಪಾಯ, ಎತ್ತರವನ್ನೇ ಕಡಿಮೆ ಮಾಡುವುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕೂಡ ತಯಾರಕರ ಮೂಲ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ.

‘ಸದ್ದು ತಾನೆ, ಇರಲಿ ಬಿಡಿ’ ಎನ್ನುವವರು ಒಂದು ಮಾತು ನೆನಪಿಡಬೇಕು. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರಗಳಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಅದು ಚಕ್ರವನ್ನು ಹಿಡಿಯುವುದು ಇದೇ ಶಾಫ್ಟಿನ ಮೂಲಕ. ತಿಂಗಳುಗಟ್ಟಲೆ ನಡುಗಿ ಸವೆದ ಕ್ರಾಸ್ ಒಂದು ದಿನ ಘಾಟಿಯ ಏರಿನಲ್ಲಿ ಮುರಿದರೆ, ಎಳೆಯುವ ಶಕ್ತಿ ಹೋಗುವ ಗಳಿಗೆಯಲ್ಲೇ ಹ್ಯಾಂಡ್‌ಬ್ರೇಕೂ ಹೋಗುತ್ತದೆ. ಹಿಂದೆ ಕೆಲಸಕ್ಕೆ ಹೊರಟ ಆಳುಗಳು ಕೂತಿರುತ್ತಾರೆ. ಸೀಟಿನಡಿಯ ಆ ‘ಗುಂಯ್’ ಮೊದಲೇ ಬಂದ ಎಚ್ಚರಿಕೆ. ಕೇಳಿಸಿದ ದಿನವೇ ಜೀಪಿನಡಿಗೆ ಕೋನಮಾಪಕ ಇಳಿಯಲಿ.