ಮೂಡಿಗೆರೆಯ ಕಾಫಿ, ರಾಯಚೂರಿನ ಕೀಲಿಮಣೆ

ಬೆಳಿಗ್ಗೆ ಕಾಫಿ ಬೀಜ ಹುರಿಯುವುದು, ಮಧ್ಯಾಹ್ನ ಕೋಡ್ ಬರೆಯುವುದು, ಸಂಜೆ ಆ ಕೋಡನ್ನು ಜಗತ್ತಿಗೆ ಪುಕ್ಕಟೆ ಕೊಟ್ಟು ಜಗಲಿಯಲ್ಲಿ ಕೂತು ಮಳೆ ನೋಡುವುದು. ಇಂಥ ದಿನಚರಿಗಳನ್ನು ಈಚೆಗೆ ಬಹಳ ಓದುತ್ತಿದ್ದೇನೆ. ಓದಲು ಹಿತವಾಗಿಯೇ ಇರುತ್ತವೆ. ಮೇ ತಿಂಗಳಲ್ಲಿ, ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಕರೆಂಟ್ ಹೋದಾಗ ಓದಿದರೆ ಮಾತ್ರ ಸಿಟ್ಟು ಬರುತ್ತದೆ. (ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಅದು ಬೇರೆ ಮಾತು.)

ಕನ್ನಡದಲ್ಲಿ ಈ ದಿನಚರಿಗೆ ಹಿರಿಯರೊಬ್ಬರಿದ್ದರು: ಪೂರ್ಣಚಂದ್ರ ತೇಜಸ್ವಿ. ಅವರು ಕಾಫಿ ಹುರಿದು ಮಾರಿದವರಲ್ಲ, ಬೆಳೆದವರು. ಕೋಡ್ ಬರೆದವರೂ ಅಲ್ಲ, ಕೋಡ್ ಬರೆಸಲು ಜಗಳಕ್ಕೆ ನಿಂತವರು. ಮೂಡಿಗೆರೆಯ ತೋಟದಲ್ಲಿ ಕೂತು, ಕನ್ನಡ ಕಂಪ್ಯೂಟರಿನೊಳಗೆ ಸರಿಯಾಗಿ ಇಳಿಯದಿದ್ದರೆ ಸಾಹಿತ್ಯವೂ ಉಳಿಯುವುದಿಲ್ಲ ಎಂದು ಅವರು ತಲೆಕೆಡಿಸಿಕೊಂಡರು. ತಂತ್ರಾಂಶದ ವಿಷಯದಲ್ಲಿ ಸರ್ಕಾರದ ಧೋರಣೆಯನ್ನು ಬಹಿರಂಗವಾಗಿ ಟೀಕಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು.

ಪ್ರತಿ ಏಪ್ರಿಲ್ 5ಕ್ಕೆ, ಸೆಪ್ಟೆಂಬರ್ 8ಕ್ಕೆ ನಾವು ತೇಜಸ್ವಿಯವರನ್ನು ನೆನೆಯುತ್ತೇವೆ. ಹಕ್ಕಿಯ ಫೋಟೊ ಹಾಕುತ್ತೇವೆ, ಗಾಳದ ಕಡ್ಡಿ ಹಾಕುತ್ತೇವೆ, ಸ್ಕೂಟರ್ ಹಾಕುತ್ತೇವೆ. 'ಕರ್ವಾಲೊ' ಓದಿದ ಮಳೆಗಾಲದ ಬಗ್ಗೆ ಬರೆಯುತ್ತೇವೆ. ಆ ತಂತ್ರಾಂಶದ ಬಗ್ಗೆ ಬರೆದವರು ನನ್ನ ಕಣ್ಣಿಗೆ ಬಿದ್ದದ್ದು ಬೆರಳೆಣಿಕೆಯಷ್ಟು. ನಮ್ಮ ವಿಭಾಗದ ಕಂಪ್ಯೂಟರುಗಳಲ್ಲಿ ಹುಡುಕಿದೆ, ಒಂದರಲ್ಲೂ ಇರಲಿಲ್ಲ. ಅದರ ಹೆಸರು ಕೇಳಿದವರು ನಮ್ಮ ಬ್ಯಾಚಿನಲ್ಲಿ ಇಬ್ಬರು, ನನ್ನನ್ನೂ ಸೇರಿಸಿ. ಮಲೆನಾಡಿನ ಮಂಜು ನಮಗೆ ಬೇಕು, ಆ ಮಂಜಿನಲ್ಲಿ ಕೂತ ಮನುಷ್ಯ ಹಿಡಿದ ಹಟ ಬೇಡ. ನನ್ನ ತಕರಾರು ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಈಗ ಅದು ನನ್ನ ಪಿಎಚ್‌ಡಿಯ ಕುತ್ತಿಗೆಗೆ ಬಂದಿದೆ.

ನಾನು ಕೆಲಸ ಮಾಡುತ್ತಿರುವುದು ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಅಲಾಯಿ ಹಬ್ಬದ ಪದಗಳ ಮೇಲೆ. ಮೊಹರಂನ ರಾತ್ರಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಂ ಎನ್ನದೆ ಹೆಜ್ಜೆ ಹಾಕಿ ಹಾಡುವ ರಿವಾಯತ್ ಪದಗಳು. ಹಾಡುವ ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನಾಲ್ಕು ವರ್ಷ ಧ್ವನಿಮುದ್ರಿಸಿ, ಕೇಳಿ ಕೇಳಿ ಬರೆದುಕೊಂಡು, ಯೂನಿಕೋಡಿನಲ್ಲಿ ಟೈಪ್ ಮಾಡಿದೆ. ಯಾವ ಊರಲ್ಲಿ ಯಾವ ಪದ ಎಂದು ಹುಡುಕಿದರೆ ಸಿಗಬೇಕು, ನಾಳೆ ಮತ್ತೊಬ್ಬಳು ಬಂದು ಇದರ ಮೇಲೆ ಕೆಲಸ ಮಾಡಬೇಕು ಎಂಬುದು ಆಸೆ.

ಸಲ್ಲಿಸುವ ಹೊತ್ತಿಗೆ ಕಚೇರಿಯಿಂದ ಮಾತು ಬಂತು: ಹಳೆಯ ನುಡಿ ಫಾಂಟಿನಲ್ಲೇ ಕೊಡಬೇಕು, ಅಕ್ಷರ ಗಾತ್ರ 14. ಯಾಕೆ ಎಂದರೆ "ಮೊದಲಿಂದ್ಲೂ ಹಂಗೇ." ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯವನು ನಕ್ಕ. "ಸರ್, ನೀವು ಎಷ್ಟ್ ಓದಿದ್ರೂ ಕಡೀಕ ನಮ್ಮ ಅಂಗಡಿಗೇ ಬರ್ಬೇಕ್ ನೋಡ್ರಿ" ಅಂದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ರೋಮನ್ನಿಗೆ ಕನ್ನಡದ ಅಂಗಿ ತೊಡಿಸಿದಂತೆ. ಫಾಂಟು ತೆಗೆದರೆ ಅಂಗಿ ಬಿಚ್ಚುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳು ಸಿಕ್ಕಿದ್ದು 1991ರಲ್ಲಿ, ನಾನು ಹುಟ್ಟುವ ಮೊದಲು. ಕಂಪ್ಯೂಟರುಗಳು ಆಗ ಅದಕ್ಕೆ ತಯಾರಿರಲಿಲ್ಲ, ಹಾಗಾಗಿ ಬರಹ, ನುಡಿ ಮಾಡಿದವರು ಆ ಕಾಲಕ್ಕೆ ದೊಡ್ಡ ಉಪಕಾರವನ್ನೇ ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಕಾಲ ಮುಗಿದ ಮೇಲೂ ಅದನ್ನೇ ನಿಯಮ ಮಾಡಿಕೊಂಡು ಕೂತವರ ಮೇಲಿದೆ.

ಆಗುವುದೇನು ನೋಡಿ. ಯುಜಿಸಿ ನಿಯಮದಂತೆ ಪ್ರತಿ ಪ್ರಬಂಧದ ವಿದ್ಯುನ್ಮಾನ ಪ್ರತಿ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು, ಶೋಧಗಂಗಾದಲ್ಲಿ ಎಲ್ಲರಿಗೂ ಸಿಗಬೇಕು. ಹಳೆಯ ಫಾಂಟಿನ ಪ್ರಬಂಧ ಅಲ್ಲಿ ಕಣ್ಣಿಗೆ ಕಾಣುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ. 'ಅಲಾಯಿ' ಎಂದು ಒತ್ತಿದರೆ ಒಳಗಿನ ರೋಮನ್ ಗೋಜಲಿಗೆ ಅದು ತಾಗುವುದೇ ಇಲ್ಲ. 2018ರಿಂದ ಕೃತಿಚೌರ್ಯದ ನಿಯಮವೂ ಬಂದಿದೆ, ಹೋಲಿಕೆ ಶೇ 10 ದಾಟಬಾರದು. ಪದವನ್ನೇ ಪದವೆಂದು ಗುರುತಿಸದ ಕಡತವನ್ನು ಯಾವುದಕ್ಕೆ ಹೋಲಿಸುವುದು? ಕದ್ದವನೂ ಪಾರು, ಕಷ್ಟಪಟ್ಟವನೂ ಕಾಣೆ.

ಉಚಿತ ಬೇರೆ, ಮುಕ್ತ ಬೇರೆ. ಈ ವ್ಯತ್ಯಾಸ ನಮ್ಮ ಸಾಹಿತ್ಯ ವಿಭಾಗಗಳಿಗೆ ಇನ್ನೂ ಹೊಳೆದಿಲ್ಲ. ಪುಕ್ಕಟೆ ಸಿಕ್ಕ ತಂತ್ರಾಂಶ ಮಾಡಿದವರ ಕೈ ಸೋತ ದಿನ ನಿಲ್ಲುತ್ತದೆ. ಮೂಲ ಸಂಕೇತ ತೆರೆದಿಟ್ಟರೆ ಮತ್ತೊಬ್ಬರು ಎತ್ತಿಕೊಳ್ಳಬಹುದು. ಕಾಫಿಯ ಉದಾಹರಣೆಯನ್ನೇ ಕೊಡುತ್ತೇನೆ. ಬೀಜ ಹುರಿಯುವಾಗ ಅದರ ಶಾಖ ಕ್ಷಣಕ್ಷಣಕ್ಕೆ ಹೇಗೆ ಏರುತ್ತಿದೆ ಎಂದು ರೇಖೆ ಎಳೆದು ತೋರಿಸುವ 'ಆರ್ಟಿಸನ್' ಎಂಬ ಮುಕ್ತ ತಂತ್ರಾಂಶವಿದೆ. ಬೀಜ ಚಟ್ ಎಂದು ಸಿಡಿಯುವ ಗಳಿಗೆ, ಇಳಿಸುವ ಗಳಿಗೆ ಎಲ್ಲ ದಾಖಲಾಗುತ್ತದೆ, ನಾಳೆಯ ಹುರಿತ ಇಂದಿನದರಂತೆಯೇ ಬರಲೆಂದು. ಶುರು ಮಾಡಿದ್ದು ರಾಫೆಲ್ ಕೋಬೊ, ಮುಂದೆ ನಡೆಸಿದ್ದು ಮಾರ್ಕೊ ಲೂಥರ್. ಕೈ ಬದಲಾದರೂ ಕೆಲಸ ನಿಲ್ಲಲಿಲ್ಲ. ಕನ್ನಡದಲ್ಲೂ ಇಂಥವರಿದ್ದಾರೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಮಾಡಿದ ಅರವಿಂದ ವಿ.ಕೆ. ಅವರೇ ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನೂ ಬರೆದಿಟ್ಟಿದ್ದಾರೆ. ಜಗತ್ತು ಹಳೆಯದರಿಂದ ಹೊಸದಕ್ಕೆ ದಾರಿ ಮಾಡುತ್ತಿದ್ದರೆ ನಾನು ಹೊಸದನ್ನು ಹಳೆಯದಕ್ಕೆ ತಿರುಗಿಸಿಕೊಡುತ್ತಿದ್ದೇನೆ.

ಇನ್ನು ಆ ದಿನಚರಿಯ ವಿಷಯ. ತೇಜಸ್ವಿಗೆ ತೋಟವಿತ್ತು. ತಪ್ಪೆಂದು ಹೇಳುತ್ತಿಲ್ಲ. ಆದರೆ ಆ ತೋಟವೇ ಅವರ ಫೆಲೋಶಿಪ್ಪು. ಸರ್ಕಾರದ ಮುಖಕ್ಕೆ ಹೇಳುವ ಧೈರ್ಯ ಅವರ ಸ್ವಭಾವದ್ದು, ನಿಜ. ಮರುದಿನದ ಊಟಕ್ಕೆ ಆ ಸರ್ಕಾರದ ಹಂಗಿಲ್ಲದಿರುವುದೂ ಅದಕ್ಕೆ ಕೂಡಿತ್ತು. ಮುಕ್ತ ತಂತ್ರಾಂಶವೆಂದರೆ ಬಿಡುವಿನ ಹೊತ್ತಿನ ದಾನ ಎಂದು ಕೊಂಡಾಡುವವರು ಬಿಡುವು ಯಾರಿಗಿದೆ ಎಂದು ಕೇಳುವುದೇ ಇಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಇತ್ತು. ಅಲ್ಲಿಂದ ಇವತ್ತಿಗೂ ಮನೆ ಮನೆ ಬೀಗ ಹಾಕಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಲ್ಲಿನ ಹುಡುಗಿಯೊಬ್ಬಳು ಡಿಪ್ಲೊಮಾ ಮುಗಿಸಿ ಪೈಥಾನ್ ಕಲಿತಿದ್ದಾಳೆ, ನನ್ನ ಪದಗಳ ಪಟ್ಟಿ ಸಿದ್ಧಪಡಿಸಲು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಳು. "ಅಣ್ಣಾ, ಇದನ್ನ ಎಲ್ಲರಿಗೂ ಸಿಗಂಗ ಹಾಕೋಣೇನು?" ಎಂದು ಕೇಳಿದ್ದಳು. ಹಾಕಲಿಲ್ಲ. ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋದಳು, ಈಗ ದಿನಕ್ಕೆ ಹತ್ತು ತಾಸು ಯಾರದೋ ಬಿಲ್ಲಿಂಗ್ ತಂತ್ರಾಂಶ ನೋಡುತ್ತಾಳೆ. ಅವಳಿಗೆ ತೋಟವಿಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ ಘೋಷಿಸಿದ್ದು 5000 ಕೋಟಿ ರೂಪಾಯಿ. ರಸ್ತೆ ಆಗಲಿ, ಶಾಲೆ ಕೋಣೆ ಆಗಲಿ. ಆದರೆ ಅದರಲ್ಲಿ ವರ್ಷಕ್ಕೆ ಐದು ಹುಡುಗ ಹುಡುಗಿಯರಿಗೆ ಸಂಬಳ ಕೊಟ್ಟು, ಈ ಭಾಗದ ಕನ್ನಡಕ್ಕೆ ಬೇಕಾದ ಮುಕ್ತ ತಂತ್ರಾಂಶ ಮಾಡಿ, ಅದನ್ನು ಹತ್ತು ವರ್ಷ ನೋಡಿಕೊಳ್ಳಿ ಎನ್ನಲು ಏನು ಅಡ್ಡಿ? ನಾವು 'ಹೊಂಟೀನಿ' ಅಂದರೆ ತಪ್ಪು ಅಕ್ಷರ ಎಂದು ಕೆಂಪು ಗೆರೆ ಎಳೆಯುವ ಕಾಗುಣಿತ ಪರೀಕ್ಷಕ ಎಷ್ಟು ದಿನ? ಅದಕ್ಕೆ ದುಡ್ಡೂ ಬೇಡ ಎನ್ನುವವರು ಇವತ್ತೇ ಒಂದು ಸುತ್ತೋಲೆ ಹೊರಡಿಸಬಹುದು, ಪ್ರಬಂಧಗಳು ಯೂನಿಕೋಡಿನಲ್ಲೇ ಇರಬೇಕೆಂದು. ಅರ್ಧ ಪುಟ ಸಾಕು, ಅದನ್ನು ಬೇಕಾದರೆ ಹಳೆಯ ಫಾಂಟಿನಲ್ಲೇ ಟೈಪ್ ಮಾಡಲಿ.

ನನ್ನ ಮೂರನೇ ಅಧ್ಯಾಯ ಇನ್ನೂ ಡಿಟಿಪಿ ಅಂಗಡಿಯಲ್ಲಿದೆ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಜಾರಿವೆ, ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹೋಗಿ ಕೂತಿದೆ. ದೇವದುರ್ಗ ಎಂದು ಬರೆದಲ್ಲೆಲ್ಲ ಹುಡುಕಿ ಹುಡುಕಿ ತಿದ್ದುತ್ತಿದ್ದಾನೆ. ಸೋಮವಾರ ಬರ್ರಿ ಅಂದಿದ್ದಾನೆ.