ಅಂಗನವಾಡಿ ಸೀಮಂತ: ಮಡಿಲು ತುಂಬಿದರಷ್ಟೇ ಸಾಕೇ?

ಸೆಪ್ಟೆಂಬರ್ ಬಂತೆಂದರೆ ಪೋಷಣ ಮಾಸಾಚರಣೆಯ ಅಂಗವಾಗಿ ರಾಜ್ಯದ ಅಂಗನವಾಡಿಗಳಲ್ಲಿ ಸಾಮೂಹಿಕ ಸೀಮಂತ ಕಳೆಗಟ್ಟುತ್ತದೆ. ಸಾಲಾಗಿ ಕುಳಿತ ಗರ್ಭಿಣಿಯರಿಗೆ ಅರಿಶಿನ-ಕುಂಕುಮ, ಹಸಿರು ಬಳೆ, ಮಡಿಲಿಗೆ ಹಣ್ಣು-ಕಾಯಿ. ಪಕ್ಕದಲ್ಲೇ ಆರು ತಿಂಗಳು ತುಂಬಿದ ಕೂಸಿಗೆ ಅನ್ನಪ್ರಾಶನ. ವೇದಿಕೆಯ ಮೇಲೆ ಗಣ್ಯರು, ಎದುರಿಗೆ ಛಾಯಾಗ್ರಾಹಕರು. ಮರುದಿನ ಪತ್ರಿಕೆಯಲ್ಲಿ ಚಿತ್ರವೂ ಬರುತ್ತದೆ. ಆ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣಸಿಗದವನೆಂದರೆ ಹುಟ್ಟಲಿರುವ ಮಗುವಿನ ತಂದೆ.

2018ರ ಮಾರ್ಚ್ 8ರಂದು ಆರಂಭಗೊಂಡ ಪೋಷಣ ಅಭಿಯಾನ ಇಂತಹ ಸಮುದಾಯ ಕಾರ್ಯಕ್ರಮಗಳನ್ನು ಅಂಗನವಾಡಿಯ ನಿಯತ ಕೆಲಸವನ್ನಾಗಿಸಿತು. ಇದರ ಹಿಂದಿನ ಆಲೋಚನೆ ಸರಿಯಾದದ್ದೇ. ಆರೋಗ್ಯದ ಕುರಿತು ಭಾಷಣವೆಂದರೆ ಬಾರದವರು ಸೀಮಂತವೆಂದರೆ ಬರುತ್ತಾರೆ. ಮನೆಯಲ್ಲಿ ಸಮಾರಂಭ ಮಾಡುವ ಶಕ್ತಿಯಿಲ್ಲದ ಕೂಲಿ ಕುಟುಂಬದ ಹೆಣ್ಣುಮಗಳಿಗೂ ಊರವರೆದುರು ಆ ಗೌರವ ದಕ್ಕುತ್ತದೆ. ಇದನ್ನು ಬರೀ ಆಡಂಬರವೆಂದು ತಳ್ಳಿಹಾಕುವುದು ಉಚಿತವಲ್ಲ.

ಆದರೆ ಅಂಕಿ-ಅಂಶಗಳು ಬೇರೆಯದನ್ನೇ ಹೇಳುತ್ತವೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ಶೇ 45.4ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ 45.7. ಇಳಿಯಬೇಕಾದದ್ದು ಇದ್ದಲ್ಲೇ ಇದೆ. ಗರ್ಭಿಣಿಗೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ಕೊಡಬೇಕೆಂಬ ನಿಯಮವಿದೆ. ಮಾತ್ರೆ ಮನೆ ತಲುಪುತ್ತದೆ, ಹೊಟ್ಟೆ ತಲುಪುವುದೇ ಕಷ್ಟ. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಗಳು ಇನ್ನೂ ಅಳಿದಿಲ್ಲ. ಬಾಣಂತಿಗೆ ಸೊಪ್ಪು-ತರಕಾರಿ ಕೊಡದೆ, ನೀರನ್ನೂ ಅಳೆದು ಕೊಡುವ ಮನೆಗಳಿವೆ. ಏನು ಉಣ್ಣಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಅಲ್ಲಿ ನಿರ್ಧರಿಸುವವರು ಅತ್ತೆ, ಗಂಡ, ಕೆಲವೊಮ್ಮೆ ತವರಿನ ಹಿರಿಯರು. ತಿಳಿವಳಿಕೆಯ ಮಾತನ್ನು ಕೇಳಿಸಿಕೊಂಡು ಬರುವವಳು ಮಾತ್ರ ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು!

2017ರ ಅಕ್ಟೋಬರ್ 2ರಂದು ಜಾರಿಗೆ ಬಂದ ಮಾತೃಪೂರ್ಣ ಯೋಜನೆಗೂ ಇದೇ ತೊಡಕು ಎದುರಾಯಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ, ಜೊತೆಗೆ ಕಣ್ಣೆದುರೇ ಮಾತ್ರೆ. ಮನೆಗೆ ಒಯ್ದ ಪಡಿತರ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ ಎಂಬ ಅನುಭವವೇ ಈ ಏರ್ಪಾಡಿಗೆ ಕಾರಣ. ಆದರೆ ಮಲೆನಾಡಿನ ಚದುರಿದ ಮನೆಗಳಿಂದ ತುಂಬು ಗರ್ಭಿಣಿ ದಿನವೂ ನಡೆದು ಬರಬೇಕಾಯಿತು. ಕೂಲಿಗೆ ಹೋಗುವವಳು ಮಧ್ಯಾಹ್ನದ ಹೊತ್ತಿಗೆ ಹೊಲದಲ್ಲಿರುತ್ತಾಳೆ. ಹೆತ್ತು ವಾರವೂ ಆಗದ ಬಾಣಂತಿಯನ್ನು ಹೊಸ್ತಿಲು ದಾಟಲು ಬಿಡುವ ಮನೆಗಳು ವಿರಳ.

ಇದಕ್ಕೆ ತವರಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವುದು ವಾಡಿಕೆ. ಅಂದರೆ ಯಾವ ಕಾರ್ಯಕರ್ತೆ ಬಳೆ ತೊಡಿಸಿದಳೋ ಅವಳ ದಾಖಲೆಯಿಂದ ಗರ್ಭಿಣಿ ಹೊರಹೋಗುವುದು ಅತಿ ಹೆಚ್ಚು ನಿಗಾ ಬೇಕಾದ ಹೊತ್ತಿನಲ್ಲಿ. ತಾಯಿ ಕಾರ್ಡ್ ಜೊತೆಗೇ ಹೋಗುತ್ತದೆ, ನಿಜ. ಆದರೆ ತವರೂರಿನ ಆಶಾ ಕಾರ್ಯಕರ್ತೆಗೆ ಆಕೆ ಬಂದಿರುವ ಸುದ್ದಿ ಹೋಗದಿದ್ದರೆ ಕಾರ್ಡು ಟ್ರಂಕಿನಲ್ಲೇ ಉಳಿಯುತ್ತದೆ.

ನಗರಗಳ ಖಾಸಗಿ ಆಸ್ಪತ್ರೆಗಳು ಹಣ ಪಡೆದು ನಡೆಸುವ ಪ್ರಸವಪೂರ್ವ ತರಗತಿಗಳಿಗೆ ಗಂಡಂದಿರೂ ಬಂದು ಕೂರುತ್ತಾರೆ. ಹಳ್ಳಿಯ ಗಂಡಸಿಗೆ ಆಸಕ್ತಿಯಿಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ಅವನನ್ನು ಯಾರೂ ಕರೆದಿಲ್ಲ, ಕರೆದರೂ ಕೆಲಸದ ದಿನ ಬಂದರೆ ಕೂಲಿ ಹೋಗುತ್ತದೆ. ಕಾನೂನಿನ ಧೋರಣೆಯೂ ಭಿನ್ನವಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತಾದರೂ ಅದರಲ್ಲಿ ತಂದೆಗೆ ಒಂದು ದಿನವೂ ಇರಲಿಲ್ಲ. 15 ದಿನಗಳ ಪಿತೃತ್ವ ರಜೆ ಸಿಗುವುದು ಸರ್ಕಾರಿ ನೌಕರರಂಥ ಕೆಲವರಿಗಷ್ಟೇ.

ಸೀಮಂತವನ್ನು ಭಾನುವಾರಕ್ಕೋ ಸಂಜೆಗೋ ಇಟ್ಟು, ಆಮಂತ್ರಣದಲ್ಲಿ ಗಂಡ ಮತ್ತು ಅತ್ತೆಯ ಹೆಸರನ್ನೂ ಬರೆದು, ಬಳೆ ತೊಡಿಸುವ ಮುನ್ನ ಅವರೆದುರೇ ರಕ್ತ ಪರೀಕ್ಷೆಯ ಫಲಿತಾಂಶ ಓದಿ ಹೇಳಲು ಹೆಚ್ಚಿನ ಅನುದಾನವೇನೂ ಬೇಕಿಲ್ಲ. ಭಾನುವಾರದ ಆ ದುಡಿಮೆಗೆ ಬದಲಿ ರಜೆ ಕೊಡಬೇಕಾದದ್ದು ಮಾತ್ರ ಅಂಗನವಾಡಿ ಕಾರ್ಯಕರ್ತೆಗೆ. ಗೌರವಧನದ ಹೆಚ್ಚಳಕ್ಕಾಗಿ ಆಕೆ ಮತ್ತೆ ಮತ್ತೆ ಬೆಂಗಳೂರಿನ ಬೀದಿಗಿಳಿಯುತ್ತಲೇ ಬಂದಿದ್ದಾಳೆ.